ಕುಸ್ವಾರಿನ ತಟ್ಟೆ, ಕಂಬಳಿಯ ನೂಲು

ಮೊನ್ನೆ ಡಿಸೆಂಬರಿನಲ್ಲಿ ಬೆಂಗಳೂರಿನ ಒಂದು ಬೇಕರಿಯ ಮುಂದೆ ಸಾಲಿನಲ್ಲಿ ನಿಂತಿದ್ದೆ. ಮಗಳಿಗೆ ಪ್ಲಮ್ ಕೇಕ್ ಬೇಕಿತ್ತು. ನನ್ನ ಮುಂದಿದ್ದ ಗಂಡ ಹೆಂಡತಿ ಮೆಲುದನಿಯಲ್ಲಿ ಜಗಳ ಆಡುತ್ತಿದ್ದರು. "ನಾನು ಹೆಲ್ಪ್ ಮಾಡ್ತೀನಿ ಅಂತ ಆವಾಗಲೇ ಹೇಳಿದ್ನಲ್ಲ, ಏನು ಮಾಡ್ಬೇಕು ಹೇಳು" ಅಂತ ಅವನು. "ಏನು ಮಾಡ್ಬೇಕು ಅಂತ ಹೇಳೋದೇ ಅರ್ಧ ಕೆಲ್ಸ ಕಣೋ" ಅಂತ ಅವಳು. ಕಿವಿಗೊಟ್ಟು ನಿಂತದ್ದು ನನ್ನ ತಪ್ಪೇ. ಆದರೆ ಆ ಮಾತು ಮನೆಗೆ ಬಂದರೂ ಬಿಡಲಿಲ್ಲ.

ಹಬ್ಬದ ಕೆಲಸ ಗಂಡ ಹೆಂಡಿರ ನಡುವೆ ಹೇಗೆ ಹಂಚಿಕೆಯಾಗುತ್ತಾ ಬಂತು ಅನ್ನೋದಕ್ಕೂ ಒಂದು ಇತಿಹಾಸ ಇರಬೇಕಲ್ಲ? ರಾಜರಿಗೆ ಪಟ್ಟ ಕಟ್ಟಿದ ತಾರೀಕನ್ನು ಬರೆದಿಟ್ಟ ಹಾಗೆ, ಯಾರು ಹಿಟ್ಟು ನಾದಿದರು, ಯಾರು ಸೌದೆ ಒಡೆದರು ಅಂತ ಯಾರೂ ಬರೆದಿಡಲಿಲ್ಲ. ಆದರೂ ಅಲ್ಲಲ್ಲಿ ಹುಡುಕಿದರೆ ಸಿಗುತ್ತದೆ. ಕಣ್ಣಾರೆ ಕಂಡದ್ದು ಸ್ವಲ್ಪ, ಓದಿದ್ದು ಸ್ವಲ್ಪ ಸೇರಿಸಿ ಬರೆಯುತ್ತಿದ್ದೇನೆ. ಉದ್ದ ಆಯ್ತು ಅಂತ ಬಯ್ಯಬೇಡಿ :-)

ಕ್ರಿಸ್ಮಸ್ ವಿಷಯ ಬರೆಯೋದಕ್ಕೆ ನಾನು ತಕ್ಕವನಲ್ಲ, ಅದನ್ನು ಮೊದಲೇ ಒಪ್ಪಿಕೊಂಡುಬಿಡ್ತೀನಿ. ನಾನು ಬೆಳೆದದ್ದು ಚಳ್ಳಕೆರೆ ತಾಲ್ಲೂಕಿನಲ್ಲಿ, ವರವು ಕಾವಲಿನ ಪಕ್ಕದ ಒಂದು ಊರಿನಲ್ಲಿ. ಕಣ್ಣು ಹಾಯುವವರೆಗೂ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ಕುರಿಮಂದೆ, ಗಾಳಿ. ಕ್ರಿಸ್ಮಸ್ ಅಂದರೆ ನಮಗೆ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಬಣ್ಣದ 25, ಶಾಲೆಗೆ ಒಂದು ದಿನ ರಜ, ಅಷ್ಟೇ. ನಮ್ಮ ಸೀಮೆಗೆ ಹತ್ತಿರದ ಹಳೆಯ ಮಿಷನ್ ಅಂದರೆ ಬಳ್ಳಾರಿಯದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದ. ಕನ್ನಡ ಬೈಬಲ್ಲಿನ ಮೊದಲ ಅನುವಾದದ ಕೆಲಸ ನಡೆದದ್ದು ಅಲ್ಲೇ, ಅದು ಪೂರ್ತಿಯಾಗಿ ಅಚ್ಚಾದದ್ದು 1831ರಲ್ಲಿ. ಆದರೆ ಆ ಮಿಷನ್ನಿನ ಹಿಂದಿದ್ದ ಪಂಥಗಳವರು ಕ್ರಿಸ್ಮಸ್ಸನ್ನು ಅಡುಗೆಮನೆಯ ಸಂಭ್ರಮವಾಗಿ ಆಚರಿಸುವ ಪೈಕಿ ಅಲ್ಲ. ಅವರ ಪೂರ್ವಿಕರಾದ ಪ್ಯೂರಿಟನ್ನರು 1647ರಲ್ಲಿ ಇಂಗ್ಲೆಂಡಿನಲ್ಲಿ ಕ್ರಿಸ್ಮಸ್ಸನ್ನೇ ನಿಷೇಧ ಮಾಡಿಸಿದ್ದರು! 1660ರಲ್ಲಿ ರಾಜ ವಾಪಸ್ ಬಂದ ಮೇಲೆಯೇ ಅಲ್ಲಿ ಹಬ್ಬವೂ ವಾಪಸ್ ಬಂದದ್ದು.

ಹಾಗಾಗಿ ಹಬ್ಬಕ್ಕೆ ಹದಿನೈದು ದಿನ ಮೊದಲೇ ಎಣ್ಣೆ ಬಾಣಲೆ ಒಲೆಗೇರುವ ಕ್ರಿಸ್ಮಸ್ ನೋಡಬೇಕಾದರೆ ಘಟ್ಟ ಇಳಿಯಬೇಕು. ನಾನು ಇಳಿದದ್ದು 1995ರಲ್ಲಿ, ಕೆಲಸದ ಮೇಲೆ. ಐದು ವರ್ಷ ಮಂಗಳೂರಿನ ಬಿಜೈಯಲ್ಲಿ ಒಂದು ಕ್ಯಾಥೊಲಿಕ್ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಅಲ್ಲಿ ಸುತ್ತಮುತ್ತಲಿನವರು ಕ್ರೈಸ್ತ ಗಂಡಸರನ್ನು 'ಪೊರ್ಬು' ಅಂತಲೂ ಹೆಂಗಸರನ್ನು 'ಬಾಯಮ್ಮ' ಅಂತಲೂ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತಿದ್ದೆ.

ಪೊರ್ಬು ಇಪ್ಪತ್ತೆಂಟು ವರ್ಷ ಬೊಂಬಾಯಿಯ ಹೋಟೆಲಿನ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾಗಿ ಬಂದವರು. ಮೊದಲ ದಿನವೇ ನನ್ನ ಊರು ಕೇಳಿದರು. ಚಿತ್ರದುರ್ಗದ ಕಡೆ ಅಂದೆ. "ಹೌದಾ? ಹಾಗಾದ್ರೆ ನಾವು ಹಳೇ ಪರಿಚಯ ಮಾರಾಯ್ರೆ. ನಿಮ್ಮವರೂ ನಮ್ಮವರೂ ಪಟ್ಟಣದಲ್ಲಿ ಒಟ್ಟಿಗೇ ಸೆರೆಯಲ್ಲಿದ್ದದ್ದು" ಅಂದರು. ಪಟ್ಟಣ ಅಂದರೆ ಶ್ರೀರಂಗಪಟ್ಟಣ. 1779ರಲ್ಲಿ ದುರ್ಗ ಬಿದ್ದಾಗ ಹೈದರ್ ಸಾವಿರಾರು ಬೇಡರನ್ನು ಅಲ್ಲಿಗೆ ಸಾಗಿಸಿದ. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಹಿಡಿಸಿ ಅಲ್ಲಿಗೇ ನಡೆಸಿದ. ಬದುಕಿ ಉಳಿದವರು ಊರಿಗೆ ಮರಳಿದ್ದು 1799ರ ನಂತರ. ಚರ್ಚು, ಹೊಲ, ಮನೆ ಎಲ್ಲ ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. ಇವತ್ತಿನ ಮಂಗಳೂರು ಕ್ರಿಸ್ಮಸ್ಸಿನ ಅಡುಗೆ, ಆಚಾರಗಳು ಗೋವಾದಿಂದ ಬಂದದ್ದು ನಿಜ. ಆದರೆ ಅವು ಹೀಗೆ ಒಮ್ಮೆ ಪೂರ್ತಿ ಕಡಿದುಹೋಗಿ ಮತ್ತೆ ಚಿಗುರಿದವು.

ಚಿಗುರಿದ್ದು ಎಲ್ಲಿ? ಒಲೆಯ ಬುಡದಲ್ಲಿ. ಬಹಳ ಇತಿಹಾಸದ ಪುಸ್ತಕಗಳು ಇದನ್ನು ಬಿಟ್ಟುಬಿಡುತ್ತವೆ.

ಕುಸ್ವಾರ್ ಗೊತ್ತಿಲ್ಲದವರಿಗೆ ಎರಡು ಮಾತು. ಕ್ರಿಸ್ಮಸ್ಸಿಗೆ ಮಾಡುವ ತಿಂಡಿಗಳೆಲ್ಲಕ್ಕೂ ಸೇರಿ ಇರುವ ಹೆಸರದು. ಪೋರ್ಚುಗೀಸರು ಕ್ರಿಸ್ಮಸ್ ಮುನ್ನಾ ರಾತ್ರಿಯ ಊಟಕ್ಕೆ ಹೇಳುವ 'ಕೊನ್ಸುವಾಡಾ' ಎಂಬ ಮಾತಿನಿಂದ ಬಂದದ್ದು ಅನ್ನುತ್ತಾರೆ. ಅದರಲ್ಲಿ ನೆವ್ರಿ ಇರುತ್ತದೆ. ಎಳ್ಳು, ಕೊಬ್ಬರಿ, ಸಕ್ಕರೆ, ಏಲಕ್ಕಿ ತುಂಬಿದ ಅರ್ಧಚಂದ್ರ. ಮೊದಲ ಸಲ ನೋಡಿದಾಗ "ಅಯ್ಯೋ, ಇದು ನಮ್ಮ ಕರ್ಜಿಕಾಯಿ!" ಅಂದಿದ್ದೆ. ಕಬ್ಬಿಣದ ಹೂವಿನ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುವ ಕೊಕ್ಕಿಸ್, ಶಂಕರಪೋಳಿಯ ಹಾಗೆ ಕತ್ತರಿಸಿದ ತುಕ್ಡಿ, ಗೋಲಿಯಂಥ ಗುಳಿಯೊ, ಅಕ್ಕಿಯ ಲಾಡು, ಪೇರಳೆ ಹಣ್ಣಿನ ಪೆರಾಡ್, ಮತ್ತೆ ನಮ್ಮದೇ ಚಕ್ಕುಲಿ. ಎಲ್ಲಕ್ಕಿಂತ ಮುಖ್ಯ ಕಿಡಿಯೊ. ಮೈದಾ, ಮೊಟ್ಟೆ, ತೆಂಗಿನ ಹಾಲು ಹಾಕಿ ಕಲಸಿದ ಹಿಟ್ಟಿನ ಪುಟ್ಟ ಉಂಡೆಯನ್ನು ಬಾಚಣಿಗೆಯ ಮೇಲೋ ಮುಳ್ಳುಚಮಚದ ಮೇಲೋ ಒತ್ತಿ ಸುರುಳಿ ಸುತ್ತಬೇಕು. ಸುರುಳಿ ಒಂದೊಂದೂ ಬೆರಳಿನ ತುದಿಯಷ್ಟು. ಒಂದು ಕಿಲೋ ಹಿಟ್ಟು ಮುಗಿಸುವಷ್ಟರಲ್ಲಿ ಬೆನ್ನು ಬಿದ್ದುಹೋಗುತ್ತದೆ. (ಅಂದ ಹಾಗೆ, ಕರ್ನಾಟಕದ ಕ್ರೈಸ್ತರೆಲ್ಲ ಕುಸ್ವಾರ್ ಮಾಡುತ್ತಾರೆ ಅಂದುಕೊಳ್ಳಬೇಡಿ. ಹಳೇ ಮೈಸೂರಿನ ಕನ್ನಡ ಕ್ಯಾಥೊಲಿಕ್ ಹಳ್ಳಿಗಳಲ್ಲಿ ಕಜ್ಜಾಯ, ರವೆಉಂಡೆಗಳೇ ಹೆಚ್ಚು.)

ಬಾಯಮ್ಮ ತಮ್ಮ ತಾಯಿಯ ಕಾಲದ ಡಿಸೆಂಬರನ್ನು ವರ್ಣಿಸುತ್ತಿದ್ದರು. ಅಕ್ಕಿ ತೊಳೆದು ಒಣಗಿಸಿ ಒರಳಿನಲ್ಲಿ ಕುಟ್ಟಿ ಹಿಟ್ಟು ಮಾಡಬೇಕು. ತೆಂಗಿನಕಾಯಿ ತುರಿದು ಕಲ್ಲಿನಲ್ಲಿ ರುಬ್ಬಿ ಹಾಲು ಹಿಂಡಬೇಕು. ಇವೆಲ್ಲ ಹೆಂಗಸರದು. ಗಂಡಸರಿಗೆ ಏನೂ ಇರಲಿಲ್ಲವೇ? ಇತ್ತು, ಬೇಕಾದಷ್ಟು ಇತ್ತು. ಮರ ಹತ್ತಿಸಿ ಕಾಯಿ ಕೀಳಿಸುವುದು, ಸುಲಿಯುವುದು. ಹದಿನೈದು ದಿನದ ಎಣ್ಣೆ ಒಲೆಗೆ ಬೇಕಾಗುವ ಸೌದೆ ಒಡೆದು ಒಟ್ಟುವುದು. ಗೋಡೆಗೆ ಸುಣ್ಣ ಬಳಿಯುವುದು. ಬಿದಿರಿನ ಕಡ್ಡಿ ಸೀಳಿ ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಕಟ್ಟುವುದು. ಗೋದಲಿಗೆ ಹುಲ್ಲು, ಮಣ್ಣು, ಕಲ್ಲು ಹೊಂದಿಸುವುದು. ಅದರ ಹಸಿರಿಗೆಂದು ಮುಂಚಿತವಾಗಿಯೇ ಭತ್ತ ಮೊಳಕೆ ಹಾಕಿಡುವುದು. ನಾಲ್ಕು ಮನೆಯವರು ಸೇರಿ ಒಂದು ಹಂದಿ ತಂದು ಇಪ್ಪತ್ನಾಲ್ಕನೇ ತಾರೀಕು ಕಡಿದು ಪಾಲು ಹಾಕುವುದು. ದೊಡ್ಡ ತಾಮ್ರದ ಪಾತ್ರೆಯಲ್ಲಿ ಬೆಲ್ಲ, ತೆಂಗಿನ ಹಾಲಿನ ಮಣ್ಣಿ ಗಟ್ಟಿಯಾಗುತ್ತಾ ಬಂದಾಗ ಸೌಟು ತಿರುಗಿಸುವುದಕ್ಕೂ ಗಂಡಸಿನ ತೋಳೇ ಬೇಕಾಗುತ್ತಿತ್ತು.

ಅಂದರೆ ಹಳೆಯ ಮನೆಯಲ್ಲಿ ಕೆಲಸ ಸಮಪಾಲಾಗಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಇಬ್ಬರಿಗೂ ಮೈ ನೋಯುವಷ್ಟು ಕೆಲಸ ಇತ್ತು. ಸೌದೆ ಇಲ್ಲದಿದ್ದರೆ ಕರಿಯುವಂತಿಲ್ಲ, ಕಾಯಿ ಸುಲಿಯದಿದ್ದರೆ ರುಬ್ಬುವಂತಿಲ್ಲ. ಆಕೆಯ ಕೆಲಸ ಶುರುವಾಗಬೇಕಾದರೆ ಈತನದು ಮುಗಿದಿರಬೇಕು. 'ಸಹಾಯ' ಅನ್ನುವ ಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ.

ಆಮೇಲೆ ಏನಾಯಿತು ನೋಡಿ. ಹಿಟ್ಟಿನ ಗಿರಣಿ ಬಂತು. 1963ರಲ್ಲಿ ಸುಮೀತ್ ಮಿಕ್ಸಿ ಮಾರುಕಟ್ಟೆಗೆ ಬಂತು, ನಿಧಾನವಾಗಿ ಮನೆ ಮನೆಗೂ ಸೇರಿತು. ಒರಳು, ರುಬ್ಬುಗಲ್ಲು ಮೂಲೆಗೆ ಹೋದವು. ಹೆಂಗಸರಿಗೆ ದೊಡ್ಡ ಬಿಡುಗಡೆ, ಅದರಲ್ಲಿ ಎರಡು ಮಾತಿಲ್ಲ. ಹಿಂದೆಯೇ ಗ್ಯಾಸ್ ಬಂತು, ಸೌದೆ ಒಡೆಯುವ ಕೆಲಸ ಹೋಯಿತು. ಸುಲಿದ ಕಾಯಿ ಅಂಗಡಿಯಲ್ಲಿ ಸಿಕ್ಕಿತು. ನಕ್ಷತ್ರ ರೆಡಿಮೇಡ್ ಬಂತು, ಪ್ಲಗ್ ಚುಚ್ಚಿದರೆ ಮುಗಿಯಿತು. ಹಂದಿ ಮಾಂಸ ಕಿಲೋ ಲೆಕ್ಕದಲ್ಲಿ ಸಿಕ್ಕಿತು. ಸುಣ್ಣ ಬಳಿಯಲು ಕೂಲಿಯಾಳು ಬಂದ. ಲೆಕ್ಕ ಹಾಕಿ ನೋಡಿ: ಹೆಂಡತಿಯ ಪಾಲಿನಲ್ಲಿ ಕುಟ್ಟುವುದು, ರುಬ್ಬುವುದು ಹೋಯಿತು, ಆದರೆ ಕಲಸುವುದು, ಲಟ್ಟಿಸುವುದು, ತುಂಬುವುದು, ಕರಿಯುವುದು, ಡಬ್ಬಿಗೆ ಹಾಕುವುದು ಎಲ್ಲಾ ಉಳಿಯಿತು. ಗಂಡನ ಪಾಲಿನಲ್ಲಿ ಗೋದಲಿ ಒಂದು ಬಿಟ್ಟು ಹೆಚ್ಚುಕಡಿಮೆ ಎಲ್ಲವೂ ಹೋಯಿತು!

ಇದು ನನ್ನ ಸ್ವಂತ ಸಂಶೋಧನೆ ಅಂತ ಬೀಗುತ್ತಿದ್ದೆ. ಆಮೇಲೆ ನೋಡಿದರೆ ರೂತ್ ಶ್ವಾರ್ಟ್ಜ್ ಕೋವನ್ ಎಂಬ ಅಮೆರಿಕದ ಇತಿಹಾಸಕಾರ್ತಿ 1983ರಲ್ಲೇ ಒಂದು ಪುಸ್ತಕ ಬರೆದು ಇದನ್ನು ತೋರಿಸಿಬಿಟ್ಟಿದ್ದಾರೆ. ಒಲೆ, ಗಿರಣಿ, ಯಂತ್ರಗಳು ಅಲ್ಲಿನ ಮನೆಗಳಲ್ಲಿ ಮೊದಲು ಉಳಿಸಿದ್ದು ಗಂಡಸರ ಮತ್ತು ಮಕ್ಕಳ ಶ್ರಮವನ್ನಂತೆ. ಮರ ಕಡಿಯುವುದು, ಧಾನ್ಯ ಬೀಸಿಸಿಕೊಂಡು ಬರುವುದು ತಪ್ಪಿತು. ಬಿಡುವಾದ ಗಂಡಸು ಮನೆಯ ಬೇರೆ ಕೆಲಸಕ್ಕೆ ಕೈ ಹಾಕಲಿಲ್ಲ, ಹೊರಗೆ ಸಂಬಳಕ್ಕೆ ಹೋದ. ಹೆಂಗಸಿನ ಕೆಲಸದ ಕಷ್ಟ ಕಡಿಮೆಯಾಯಿತು, ಹೊತ್ತು ಕಡಿಮೆಯಾಗಲಿಲ್ಲ.

ಅದೇ ಹೊತ್ತಿಗೆ ಕ್ರಿಸ್ಮಸ್ ಕೂಡ ಯೂರೋಪಿನಲ್ಲೇ ಬದಲಾಗಿತ್ತು ಅನ್ನೋದನ್ನೂ ಮರೆಯಬಾರದು. ಡಿಸೆಂಬರ್ 25ನ್ನು ರೋಮಿನಲ್ಲಿ ಆಚರಿಸಿದ್ದಕ್ಕೆ 336ನೇ ಇಸವಿಯ ದಾಖಲೆ ಇದೆ. ಗೋದಲಿಯ ಸಂಪ್ರದಾಯಕ್ಕೆ 1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸ್ ಮಾಡಿಸಿದ್ದನ್ನು ಮೂಲ ಅನ್ನುತ್ತಾರೆ. ಶತಮಾನಗಳ ಕಾಲ ಅದು ಬಹುಪಾಲು ಚರ್ಚಿನ, ಬೀದಿಯ ಹಬ್ಬ. ಅದು ಮನೆಯೊಳಗಿನ ಹಬ್ಬವಾಗಿ ಬೆಳೆದದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಡಿಕನ್ಸನ ಕ್ರಿಸ್ಮಸ್ ಕಥೆ ಬಂದದ್ದು 1843ರಲ್ಲಿ, ಮೊದಲ ಅಚ್ಚಿನ ಕ್ರಿಸ್ಮಸ್ ಕಾರ್ಡು ಬಂದದ್ದೂ ಅದೇ ವರ್ಷ. ವಿಕ್ಟೋರಿಯಾ ರಾಣಿಯ ಮನೆಯ ಮರದ ಚಿತ್ರ ಪತ್ರಿಕೆಯಲ್ಲಿ ಬಂದದ್ದು 1848ರಲ್ಲಿ. ಹಬ್ಬ ಬೀದಿಯಿಂದ ಮನೆಯೊಳಕ್ಕೆ ಬಂದರೆ ಅದರ ಕೆಲಸವೂ ಒಳಕ್ಕೆ ಬರುತ್ತದೆ. ಒಳಗಿದ್ದವರು ಯಾರು ಅಂತ ಬೇರೆ ಹೇಳಬೇಕಾ?

ಮಂಗಳೂರಿನಲ್ಲಿ ಒಳಗಿದ್ದವರೂ ಹೊರಗೆ ಬಂದರು. ಜೆಸುಯಿಟರು ಹುಡುಗರಿಗಾಗಿ ಸಂತ ಅಲೋಶಿಯಸ್ ಕಾಲೇಜು ತೆಗೆದದ್ದು 1880ರಲ್ಲಿ. ಹೆಣ್ಣುಮಕ್ಕಳಿಗೆ ಸಂತ ಆಗ್ನೆಸ್ ಕಾಲೇಜು ಬರಲು 1921ರವರೆಗೆ ಕಾಯಬೇಕಾಯಿತು. ಬಂದ ಮೇಲೆ ಟೀಚರು, ನರ್ಸು, ಗುಮಾಸ್ತೆ ಆಗಿ ಹೆಂಗಸರು ಸಂಬಳ ತರತೊಡಗಿದರು. ಬಾಯಮ್ಮನೂ ಮೂವತ್ತು ವರ್ಷ ಟೀಚರು. ಡಿಸೆಂಬರಿನಲ್ಲಿ ಶಾಲೆ ಮುಗಿಸಿ ಬಂದು ರಾತ್ರಿ ಹನ್ನೊಂದರವರೆಗೆ ಕರಿಯುತ್ತಿದ್ದರಂತೆ. ಪೊರ್ಬು ಆಗ ಬೊಂಬಾಯಿಯಲ್ಲಿ. ಹಬ್ಬದ ಹಂಗಾಮಿನಲ್ಲಿ ಹೋಟೆಲಿನವರಿಗೆ ರಜ ಎಲ್ಲಿಯದು? ನೂರಾರು ಜನಕ್ಕೆ ಕ್ರಿಸ್ಮಸ್ ಅಡುಗೆ ಮಾಡಿ ಹಾಕುತ್ತಿದ್ದ ಮನುಷ್ಯ ಸ್ವಂತ ಮನೆಯ ಕ್ರಿಸ್ಮಸ್ಸಿಗೆ ಕಳಿಸುತ್ತಿದ್ದದ್ದು ಮನಿಯಾರ್ಡರು. 1970ರ ದಶಕದಲ್ಲಿ ಗಲ್ಫ್ ಬಾಗಿಲು ತೆರೆದ ಮೇಲೆ ಇಂಥ ಮನೆಗಳು ನೂರಾರಾದವು. ಗಂಡನ ಪಾಲು ಕುವೈತಿನಿಂದಲೋ ಬಹ್ರೇನಿನಿಂದಲೋ ಬರುವ ಡ್ರಾಫ್ಟು, ಒಣಹಣ್ಣಿನ ಪೊಟ್ಟಣ, ನಿಡೋ ಹಾಲಿನ ಪುಡಿಯ ಡಬ್ಬ. ಅದು ಕಡಿಮೆ ಪಾಲು ಅಂತ ಅನ್ನಲಾರೆ. ಮರಳುಗಾಡಿನಲ್ಲಿ ಒಬ್ಬನೇ ಕೂತು ದುಡಿದವನ ಡಿಸೆಂಬರು ಹೇಗಿತ್ತೋ. ಆದರೆ ಎರಡು ಪಾಲು ಒಂದೇ ಮೇಜಿನ ಮೇಲೆ ಸೇರಲಿಲ್ಲ.

ದುಡ್ಡಿಗೆ ಅಡುಗೆ ಮಾಡಿದರೆ ಗಂಡಸಿನ ಕಸುಬು, ಮನೆಯಲ್ಲಿ ಮಾಡಿದರೆ ಹೆಂಗಸಿನ ಸ್ವಭಾವ ಅನ್ನುವ ಲೆಕ್ಕಾಚಾರ ಎಲ್ಲ ಕಡೆಯೂ ಇದೆ. ಮಂಗಳೂರು ಕ್ರೈಸ್ತರ ಬಹಳ ಮನೆಗಳಲ್ಲಿ ಇಟ್ಟುಕೊಳ್ಳುವ ಅಡುಗೆ ಪುಸ್ತಕ 'ದ ಶೆಫ್' ಬರೆದವರು ಇಸಿದೋರ್ ಕೊಯೆಲ್ಹೊ, ಒಬ್ಬ ಗಂಡಸು. ತಪ್ಪು ತಿಳಿಯಬೇಡಿ, ಪುಸ್ತಕ ಬರೆದದ್ದು ಒಳ್ಳೆಯದೇ.

ಪೊರ್ಬು ನಿವೃತ್ತರಾಗಿ ಬಂದ ಮೇಲೆ ಕ್ರಿಸ್ಮಸ್ಸಿನ ಹಂದಿ ಮಾಂಸ ಅವರ ಜವಾಬ್ದಾರಿ ಆಯಿತು. ಬಫಾತ್ ಪುಡಿಯ ವಾಸನೆ ಮಹಡಿಗೆ ಬರುತ್ತಿತ್ತು. ಎಲ್ಲರೂ ಅವರ ಅಡುಗೆಯನ್ನು ಹೊಗಳುವವರೇ. ಪಾತ್ರೆ ತೊಳೆಯುತ್ತಿದ್ದದ್ದು ಬಾಯಮ್ಮ. ಆದರೆ ಒಂದು ಸಂಜೆ ಮಾತ್ರ ಬೇರೆ ಥರ ಇರುತ್ತಿತ್ತು, ಕಿಡಿಯೊ ಸುತ್ತುವ ಸಂಜೆ. ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ, ಹಿಟ್ಟಿನ ಮುದ್ದೆ ನಡುವೆ ಇಟ್ಟು, ಗಂಡ ಹೆಂಡತಿ, ಪಕ್ಕದ ಮನೆಯ ಮಕ್ಕಳು, ನಾನು ಎಲ್ಲಾ ಕೂತುಬಿಡುತ್ತಿದ್ದೆವು. ನನ್ನ ಕಿಡಿಯೊ ಹುಳುವಿನ ಬದಲು ಕಪ್ಪೆಯ ಹಾಗೆ ಬರುತ್ತಿದ್ದವು. ಅಲ್ಲಿ ಯಾರೂ ಯಾರಿಗೂ ಸಹಾಯ ಮಾಡುತ್ತಿರಲಿಲ್ಲ. ಎಲ್ಲರೂ ಕಿಡಿಯೊ ಮಾಡುತ್ತಿದ್ದರು, ಅಷ್ಟೇ. ಪೊರ್ಬು ಬೊಂಬಾಯಿಯ ಕಥೆ ಹೇಳುತ್ತಿದ್ದರು, ಬಾಯಮ್ಮ ಅದರಲ್ಲಿನ ಸುಳ್ಳುಗಳನ್ನು ತಿದ್ದುತ್ತಿದ್ದರು.

ಆ ಮೇಜಿನಲ್ಲಿ ಕೂತಾಗಲೆಲ್ಲ ನನಗೆ ನೆನಪಾಗುತ್ತಿದ್ದದ್ದು ನಮ್ಮ ಮನೆಯ ಅಂಗಳ.

ನಮ್ಮದು ಕಂಬಳಿ ನೇಯುವ ಮನೆ. ಕಾವಲಿನಲ್ಲಿ ಮೇದ ಕುರಿಗಳ ಕರಿ ಉಣ್ಣೆ. ಕುರಿಯ ಮೈ ತೊಳೆದು ಉಣ್ಣೆ ಕತ್ತರಿಸುವುದು ಗಂಡಸರದು. ಹಿಂಜಿದ ಉಣ್ಣೆಯಿಂದ ರಾಟೆಯಲ್ಲಿ ನೂಲು ತೆಗೆಯುವುದು ಹೆಂಗಸರದು. ಗುಂಡಿ ಮಗ್ಗದಲ್ಲಿ ಕೂತು ನೇಯುವುದು ಮತ್ತೆ ಗಂಡಸರದು. ಒಂದು ಕಂಬಳಿಗೆ ಬೇಕಾಗುವ ನೂಲು ತೆಗೆಯಲು ಅವ್ವನಿಗೆ ವಾರದ ಮೇಲೆ ಹಿಡಿಯುತ್ತಿತ್ತು, ಅಪ್ಪ ಎರಡು ದಿನದಲ್ಲಿ ನೇಯ್ದು ಇಳಿಸುತ್ತಿದ್ದ. ಸಂತೆಯಲ್ಲಿ ಅದು 'ಅಪ್ಪನ ಕಂಬಳಿ'. ಅವ್ವ ನೂಲುತ್ತಿದ್ದದ್ದು 'ಬಿಡುವಿದ್ದಾಗ'. ರೊಟ್ಟಿ ತಟ್ಟಿ, ನೀರು ತಂದು, ಕಸ ಮುಸುರೆ ಮುಗಿಸಿದ ಮೇಲೆ ಸಿಗುವ ಆ ಬಿಡುವಿಗೆ ವಾರಕ್ಕೆ ಎಷ್ಟು ಗಂಟೆಯೋ, ಯಾರೂ ಎಣಿಸಲಿಲ್ಲ. ಗೌರಸಮುದ್ರದ ಮಾರಮ್ಮನ ಜಾತ್ರೆಗೋ ಯುಗಾದಿಗೋ ಬಟ್ಟೆ, ಬೆಲ್ಲ, ಬೇಳೆ ತರುವ ದುಡ್ಡು ಆ ಕಂಬಳಿಗಳಿಂದಲೇ ಬರಬೇಕಿತ್ತು. ಹಾಗಾಗಿ ಹಬ್ಬ ಹತ್ತಿರವಾದಂತೆ ರಾಟೆಯ ಸದ್ದು ರಾತ್ರಿಯೂ ನಿಲ್ಲುತ್ತಿರಲಿಲ್ಲ. ಆ ಮೇಲೆ ಹಬ್ಬದ ದಿನ ಹೋಳಿಗೆ ಬೇಯಿಸುವವಳೂ ಅವಳೇ.

ನಮ್ಮ ಮನೆಯ ಕಿಡಿಯೊ ಸಂಜೆ ಅಂದರೆ ಹಾಸಿಗೆ ಗಂಜಿ ಹಾಕುವ ಬೆಳಿಗ್ಗೆ. ಹುಣಸೆ ಬೀಜ ನೆನೆಸಿ ರುಬ್ಬಿ ಕುದಿಸಿದ ಗಂಜಿ. ಬಯಲಿನಲ್ಲಿ ಉದ್ದಕ್ಕೆ ಎಳೆದು ಕಟ್ಟಿದ ಹಾಸು ನೂಲಿಗೆ ಅದನ್ನು ಬಳಿದು, ಒಣಗುವ ಮೊದಲೇ ಎಳೆ ಎಳೆ ಬಿಡಿಸಬೇಕು. ಒಬ್ಬರಿಂದ ಆಗುವ ಕೆಲಸ ಅಲ್ಲ. ಅಪ್ಪ ಒಂದು ಕಡೆ, ಅವ್ವ ಇನ್ನೊಂದು ಕಡೆ. ಕಡಿದ ಎಳೆಗೆ ಗಂಟು ಹಾಕಲು ಅವ್ವ "ನಿಲ್ಲು" ಅಂದರೆ ಅಪ್ಪ ನಿಲ್ಲಬೇಕು. ಬೇರೆ ಯಾವ ಹೊತ್ತಿನಲ್ಲೂ ಅಪ್ಪನಿಗೆ ಆ ದನಿಯಲ್ಲಿ ಅವ್ವ ಮಾತಾಡಿದ್ದು ನಾನು ಕೇಳಿಲ್ಲ.

ಆ ಮಗ್ಗ ಅಪ್ಪನ ಮೊಣಕಾಲು ಹೋದ ಮೇಲೆ ನಿಂತಿತು, ಯಾರದೂ ತಪ್ಪಿಲ್ಲ. ಊರಿನ ಕಾವಲಿನ ಕಥೆ ಬೇರೆ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯ ಕಾಲದಿಂದ, ಟಿಪ್ಪು ಅದನ್ನು ಅಮೃತ್ ಮಹಲ್ ಅಂತ ಕರೆದ ಮೇಲೂ, ದನಗಳ ಮೇವಿಗೆಂದು ಕಾದಿಟ್ಟ ಹುಲ್ಲುಗಾವಲುಗಳಿವು. ಚಳ್ಳಕೆರೆ ತಾಲ್ಲೂಕಿನ ಇಂಥ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು 2008-09ರಿಂದಾಚೆಗೆ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋ ಮುಂತಾದವಕ್ಕೆ ಹಂಚಲಾಯಿತು. 2013ರಲ್ಲಿ ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. ವರವು ಕಾವಲಿನಲ್ಲಿ ವಿಮಾನಗಳ ಪರೀಕ್ಷಾ ಕೇಂದ್ರ 2017ರ ಮೇ 28ರಂದು ಉದ್ಘಾಟನೆಯಾಯಿತು. ಸರಿ ತಪ್ಪಿನ ಚರ್ಚೆ ಇನ್ನೊಂದು ದಿನ ಮಾಡೋಣ. ನನ್ನ ಇವತ್ತಿನ ವಿಷಯಕ್ಕೆ ಬೇಕಾದದ್ದು ಇಷ್ಟು: ಹುಲ್ಲು ಕಡಿಮೆಯಾದರೆ ಕುರಿ ಕಡಿಮೆ, ಕುರಿ ಕಡಿಮೆಯಾದರೆ ಉಣ್ಣೆ ಕಡಿಮೆ. ಆಗ ಗಂಡ ಹೆಂಡತಿ ಹಾಸಿನ ಎರಡು ಬದಿ ನಿಲ್ಲುವ ಬೆಳಿಗ್ಗೆಗಳೂ ಕಡಿಮೆ. ಪರಿಹಾರದ ಲೆಕ್ಕದಲ್ಲಿ ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?

ಬಿಜೈಗೆ ವಾಪಸ್ ಬರ್ತೀನಿ. ಕುಸ್ವಾರ್ ಮಾಡಿ ಮುಗಿದರೆ ಕೆಲಸ ಮುಗಿಯುವುದಿಲ್ಲ. ಅದನ್ನು ತಟ್ಟೆಗಳಲ್ಲಿ ಹಾಕಿ, ಮೇಲೆ ಕ್ರೋಶೆ ಬಟ್ಟೆ ಮುಚ್ಚಿ ನೆರೆಹೊರೆಯ ಮನೆಗಳಿಗೆ ಕಳಿಸಬೇಕು. ಹಿಂದೂ ಮನೆ, ಬ್ಯಾರಿ ಮನೆ ಎಲ್ಲಕ್ಕೂ ಹೋಗಬೇಕು. ದೀಪಾವಳಿಗೆ ಹೋಳಿಗೆ ಕೊಟ್ಟವರಿಗೆ, ಈದಿಗೆ ಬಿರಿಯಾನಿ ಕಳಿಸಿದವರಿಗೆ ಮರಳಿ ಕಳಿಸುವ ತಟ್ಟೆ ಇದು. ಯಾರ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ, ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮನೆಯಲ್ಲಿ ಈ ವರ್ಷ ಸಾವಾಗಿದೆ, ಎಲ್ಲಾ ನೆನಪಿರಬೇಕು. ಮಿಕೇಲಾ ಡಿ ಲಿಯೊನಾರ್ಡೊ ಎಂಬ ಮಾನವಶಾಸ್ತ್ರಜ್ಞೆ ಕ್ಯಾಲಿಫೋರ್ನಿಯಾದ ಇಟಲಿ ಮೂಲದ ಕುಟುಂಬಗಳನ್ನು ಅಧ್ಯಯನ ಮಾಡಿ 1987ರಲ್ಲಿ ಬರೆದ ಲೇಖನದಲ್ಲಿ ಇದಕ್ಕೊಂದು ಹೆಸರು ಕೊಟ್ಟರು. ಬಂಧುತ್ವದ ಕೆಲಸ ಅಂತ. ಕಾರ್ಡು ಬರೆಯುವುದು, ಹಬ್ಬದೂಟಕ್ಕೆ ಯಾರನ್ನು ಕರೆಯಬೇಕೆಂದು ನೆನಪಿಡುವುದು ಇವೆಲ್ಲ ಶ್ರಮವೇ, ಅದನ್ನು ಹೆಚ್ಚಾಗಿ ಮಾಡುವವರು ಹೆಂಗಸರೇ ಅನ್ನುವುದು ಅವರ ವಾದ.

ಐರ್ಲೆಂಡಿನವರು ಮಾತ್ರ ಇದಕ್ಕೊಂದು ಉಪಾಯ ಮಾಡಿದ್ದಾರೆ. ಕಾರ್ಕ್, ಕೆರ್ರಿ ಸೀಮೆಗಳಲ್ಲಿ ಜನವರಿ 6ನ್ನು 'ಹೆಂಗಸರ ಕ್ರಿಸ್ಮಸ್' ಅನ್ನುತ್ತಾರೆ. ಆ ದಿನ ಮನೆಗೆಲಸ ಗಂಡಸರದು, ಹೆಂಗಸರು ಹೊರಗೆ ಹೋಗಿ ಕೂತು ಹರಟುತ್ತಾರೆ. ಬಾಯಮ್ಮನಿಗೆ ಇದನ್ನು ಹೇಳಿದಾಗ "ಒಂದೇ ದಿನವಾ?" ಅಂದಿದ್ದರು. ನಮ್ಮ ಸರ್ಕಾರ 2019ರಲ್ಲಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಾಕಿದ ಹೆಂಗಸರು ನೂರಕ್ಕೆ 81.2, ಗಂಡಸರು 26.1. ಕೈ ಹಾಕಿದವರಲ್ಲೂ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ. ಆ 26.1ರಲ್ಲಿ ನಾನಿದ್ದೇನೆ ಅಂತ ಹೆಂಡತಿಗೆ ಹೆಮ್ಮೆಯಿಂದ ಹೇಳಿದೆ. "97ರಲ್ಲಿ ಇದ್ದೀರಾ?" ಅಂತ ಕೇಳಿದಳು. ಮಾತು ಬದಲಾಯಿಸಿದೆ.

1998ರ ಆಗಸ್ಟಿನಲ್ಲಿ ಬಾಯಮ್ಮ ತೀರಿಕೊಂಡರು. ಮಳೆ ಸುರಿಯುತ್ತಿತ್ತು, ಎರಡೇ ದಿನದ ಕಾಯಿಲೆ. ಆ ಡಿಸೆಂಬರಿನಲ್ಲಿ ಮನೆಯಲ್ಲಿ ನಕ್ಷತ್ರ ಏರಲಿಲ್ಲ. ಮರುವರ್ಷ ಪೊರ್ಬು ಹಠ ಹಿಡಿದವರ ಹಾಗೆ ಎದ್ದು ಕೂತರು. ಹೋಟೆಲಿನ ಕೈ, ಅಡುಗೆ ಅವರಿಗೊಂದು ಲೆಕ್ಕವಲ್ಲ. ನೆವ್ರಿ, ಕೊಕ್ಕಿಸ್, ಚಕ್ಕುಲಿ ಎಲ್ಲಾ ಒಬ್ಬರೇ ಮಾಡಿದರು. ಬಾಯಮ್ಮನದಕ್ಕಿಂತ ಅಚ್ಚುಕಟ್ಟಾಗಿಯೇ ಬಂದಿತ್ತು. ಇಪ್ಪತ್ತಮೂರನೇ ತಾರೀಕು ರಾತ್ರಿ ಮಹಡಿಗೆ ಹತ್ತಿ ಬಂದು ನನ್ನ ಬಾಗಿಲು ತಟ್ಟಿದರು. ಬೇರೇನೋ ಕೇಳಲು ಬಂದವರ ಹಾಗೆ ಸ್ವಲ್ಪ ಹೊತ್ತು ನಿಂತರು.

"ಅಲ್ಲ ಮಾರಾಯ್ರೆ, ನಮ್ಮ ಮನೆಗೆ ದೀಪಾವಳಿಗೆ ಯಾರ್ಯಾರು ಕಳಿಸ್ತಿದ್ರು, ನಿಮಗೆ ಗೊತ್ತುಂಟಾ?"

ನನಗೆ ಮೂರು ಮನೆ ಗೊತ್ತಿತ್ತು. ಅವರಿಗೆ ಐದು. ಇಬ್ಬರೂ ಕೆಳಗೆ ಹೋಗಿ ಬಾಯಮ್ಮನ ಕಪಾಟು ತೆಗೆದೆವು. ಹಳೆಯ ಶಾಲಾ ದಾಖಲೆ, ಪ್ರಾರ್ಥನೆಯ ಪುಸ್ತಕ, ಅವುಗಳ ಕೆಳಗೆ ಒಂದು ನೂರು ಪುಟದ ನೋಟ್ ಬುಕ್ಕು. ಪೊರ್ಬುವಿನ ಕನ್ನಡಕ ಅಡುಗೆಮನೆಯಲ್ಲಿತ್ತು. "ನೀವೇ ಓದಿ" ಅಂದರು. ಮಂಗಳೂರಿನ ಕ್ರೈಸ್ತರು ಕೊಂಕಣಿಯನ್ನು ಬರೆಯುವುದು ಕನ್ನಡ ಲಿಪಿಯಲ್ಲಿ. ಹಾಗಾಗಿ ನನಗೆ ಓದಲು ಬರುತ್ತಿತ್ತು, ಅರ್ಥ ಅಷ್ಟಕ್ಕಷ್ಟೆ. ನಾನು ಒಂದೊಂದೇ ಸಾಲು ಗಟ್ಟಿಯಾಗಿ ಓದುತ್ತಾ ಹೋದೆ, ಅವರು ಕೇಳಿಕೊಂಡು ತಟ್ಟೆ ಜೋಡಿಸುತ್ತಾ ಹೋದರು. ಮೂವತ್ತೊಂದು ಮನೆ. ಪ್ರತಿ ಹೆಸರಿನ ಮುಂದೆ ಅವರು ಏನು ಕಳಿಸಿದ್ದರು, ಯಾವ ವರ್ಷ, ಏನು ತಿನ್ನುವುದಿಲ್ಲ, ಎಲ್ಲಾ ಪುಟ್ಟ ಅಕ್ಷರದಲ್ಲಿ ಇತ್ತು. ಕೆಲವು ಮನೆಗಳ ಹೆಸರು ಕೇಳಿ "ಇವರು ಯಾರಪ್ಪ?" ಅಂತ ಅವರೇ ನನ್ನನ್ನು ಕೇಳಿದರು.

ಕೊನೆಯ ಪುಟದಲ್ಲಿ ಒಂದು ಸಾಲು ನನಗೆ ಅರ್ಥವಾಗಲಿಲ್ಲ, ಹಾಗೇ ಓದಿದೆ. ಪೊರ್ಬು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ನನ್ನ ಮುಖ ನೋಡಿದರು.

"ಅದು ನೀವೇ. ಮಹಡಿಯ ಹುಡುಗ, ಅವ್ವ ದೂರ, ಚಕ್ಕುಲಿ ಜಾಸ್ತಿ ಹಾಕಬೇಕು ಅಂತ ಉಂಟು."

ಆಮೇಲೆ ಇನ್ನೊಂದು ತಟ್ಟೆ ತೆಗೆದುಕೊಂಡು ಚಕ್ಕುಲಿ ಎಣಿಸತೊಡಗಿದರು.